ಉಮರ್ ಸರ್ ಅವರ ಸಂಬಂಧದ ರಿಪೋರ್ಟು

ಉಮರ್ ಸರ್ ಯಾರನ್ನೂ ಹೆಸರು ಕೇಳಿ ಪರಿಚಯ ಮಾಡಿಕೊಂಡವರಲ್ಲ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಯಾರ ಪೈಕಿ?" ಹೆಸರಿನ ಮೇಲೆ ಅವರಿಗೆ ಅಷ್ಟೊಂದು ವಿಶ್ವಾಸವಿರಲಿಲ್ಲ. "ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು ಮಾರಾಯ್ತಿ. ಸಂಬಂಧ ಹಾಗೆ ಇಟ್ಟುಕೊಳ್ಳಲಿಕ್ಕೆ ಆಗ್ತದಾ?" ಎನ್ನುತ್ತಿದ್ದರು.

ಬಿ.ಸಿ.ರೋಡಿನ ಅವರ ಸಾಫ್ಟ್‌ವೇರ್ ಆಫೀಸಿಗೆ ನಾನು ಸಂದರ್ಶನಕ್ಕೆ ಹೋದದ್ದು ಎರಡು ಸಾವಿರನೇ ಇಸವಿಯ ಆಚೀಚೆ. ಬೆಳ್ತಂಗಡಿಯಿಂದ ಬರುವ ಬಸ್ಸಿನಲ್ಲಿ ಕಂಠಪಾಠ ಮಾಡಿಕೊಂಡು ಬಂದಿದ್ದ ಪ್ರಶ್ನೋತ್ತರಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ನನ್ನ ಅಂಕಪಟ್ಟಿಯ ಫೈಲನ್ನು ಅವರು ಬಿಚ್ಚಲೇ ಇಲ್ಲ. ಅದರ ಮೇಲೆ ಚಹಾದ ಗ್ಲಾಸು ಇಟ್ಟುಕೊಂಡು ಶುರು ಮಾಡಿದರು.

"ಬೆಳ್ತಂಗಡಿಯಲ್ಲಿ ಎಲ್ಲಿ?"

"ಬಸ್‌ಸ್ಟ್ಯಾಂಡಿನ ಹತ್ತಿರ ಸರ್. ಅಪ್ಪ ಟೈಲರ್."

"ಅಮ್ಮನ ಮನೆ?"

"ಸಿದ್ಧಕಟ್ಟೆ."

ಅವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಸಿದ್ಧಕಟ್ಟೆಯಲ್ಲಿ ಸೋಡಾ ಮಾಡ್ತಿದ್ದ ದೂಮಣ್ಣ ಅಂತ ಒಬ್ಬರಿದ್ದರು. ಒಂದು ಕಿವಿ ಕೇಳ್ತಿರಲಿಲ್ಲ."

"ಅವರು ಅಮ್ಮನ ಸೋದರಮಾವ ಸರ್."

"ಅಷ್ಟು ಮೊದಲೇ ಹೇಳಬಾರದಾ! ಅವರ ಸೋಡಾ ಕುಡಿದು ದೊಡ್ಡವರಾದವರು ನಾವು. ನಾಳೆಯಿಂದ ಬಾ."

ನನಗೆ ಪ್ರೋಗ್ರಾಮ್ ಬರೆಯಲು ಬರುತ್ತದೆಯೇ ಇಲ್ಲವೇ ಎಂಬ ಸಣ್ಣ ವಿಚಾರವನ್ನು ಅವರು ಮಾರನೆಯ ದಿನ, ಅದೂ ಏನೋ ನೆನಪಾದಂತೆ, ಕೇಳಿದರು. ಬರುತ್ತದೆ ಎಂದೆ. "ಒಳ್ಳೆಯದಾಯಿತು" ಎಂದು ಒಂದು ಕಂಪ್ಯೂಟರು ತೋರಿಸಿದರು.

ಆಫೀಸು ಇದ್ದದ್ದು ಒಂದು ಬೇಕರಿಯ ಮಾಳಿಗೆಯಲ್ಲಿ. ಕೆಳಗಿನಿಂದ ಬನ್ಸು ಕರಿಯುವ ವಾಸನೆ, ಕಿಟಕಿಯಿಂದ "ಪುತ್ತೂರು, ಪುತ್ತೂರು" ಎಂಬ ಕ್ಲೀನರುಗಳ ಕೂಗು. ಒಳಗೆ ನಾವು ನಾಲ್ಕಾರು ಮಂದಿ. ನನ್ನ ಪಕ್ಕದ ಮೇಜಿನಲ್ಲಿ ಮಾಣಿ ಎಂಬ ಊರಿನ ಲ್ಯಾನ್ಸಿ. ಕೆಲಸಕ್ಕಿಂತ ಬಾಯಿ ಒಂದು ತೂಕ ಹೆಚ್ಚು, ಆದರೂ ಒಳ್ಳೆಯ ಹುಡುಗ. ನಡುವೆ ಉಮರ್ ಸರ್. ಗಿಡ್ಡ ಆಳು, ಇಸ್ತ್ರಿಯ ಗೆರೆ ಸಂಜೆಯವರೆಗೂ ಮುರಿಯದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಎರಡರಲ್ಲೂ ಶಾಯಿ ಇರುತ್ತಿರಲಿಲ್ಲ. ಸಹಿ ಹಾಕಬೇಕಾದಾಗ ನಮ್ಮ ಪೆನ್ನು ತೆಗೆದುಕೊಂಡು, ಆಮೇಲೆ ಅದನ್ನೂ ತಮ್ಮ ಕಿಸೆಗೆ ಸೇರಿಸುತ್ತಿದ್ದರು.

ಅವರ ಪೂರ್ತಿ ಹೆಸರು ಉಮರಬ್ಬ. ಫರಂಗಿಪೇಟೆಯವರು. ಹರೆಯದಲ್ಲೇ ಗಲ್ಫಿಗೆ ಹೋಗಿ ಅಲ್ಲಿನ ದೊಡ್ಡ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ದುಡಿದು, ತೊಂಬತ್ತರ ದಶಕದ ಕೊನೆಗೆ "ಇನ್ನು ಸಾಕು, ಹೆಂಡತಿ ಮಗಳ ಜೊತೆ ಮನೆಯಲ್ಲಿ ಇರ್ತೇನೆ" ಎಂದು ಊರಿಗೆ ಬಂದು ಈ ಆಫೀಸು ತೆರೆದವರು. ಊರಿಗೆ ಬಂದವರು ಮೊದಲು ಮಾಡಿದ ಕೆಲಸವೆಂದರೆ ಊರಿನಲ್ಲಿ ಯಾರಿಗೆ ಯಾರು ಏನಾಗಬೇಕು ಎಂಬುದನ್ನು ಒಂದೂ ಬಿಡದೆ ತಿಳಿದುಕೊಂಡದ್ದು. ತಮ್ಮವರಾದ ಬ್ಯಾರಿಗಳ ಮನೆಗಳು ಮಾತ್ರವಲ್ಲ, ಬಂಟರ, ಬಿಲ್ಲವರ, ಕ್ರಿಶ್ಚಿಯನ್ನರ ಮನೆಗಳೂ ಅವರ ಬಾಯಲ್ಲಿದ್ದವು. ಒಮ್ಮೆ ಯು.ಪಿ.ಎಸ್. ಬ್ಯಾಟರಿ ಮಾರಲು ಬಂದ ಹುಡುಗನಿಗೆ, ಅವನ ಚಿಕ್ಕಪ್ಪನಿಗೆ ಮಾಣಿಯಲ್ಲಿರುವ ಲ್ಯಾನ್ಸಿಯ ಅತ್ತೆಯ ನೆಂಟಸ್ತಿಕೆ ಇದೆ ಎಂದು ಕಂಡುಹಿಡಿದು ತೋರಿಸಿದರು. ಹುಡುಗ ಬ್ಯಾಟರಿಯ ದರ ಹೇಳುವುದನ್ನೇ ಮರೆತು ಲ್ಯಾನ್ಸಿಯ ಕೈ ಕುಲುಕಿ ಹೋದ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಅವರು ಈ ಹುಚ್ಚನ್ನು ಪ್ರೋಗ್ರಾಮಿನೊಳಗೂ ಬಿಟ್ಟರು.

ನಾವು ಮಾಡುತ್ತಿದ್ದದ್ದು ಖಾಸಗಿ ಬಸ್ಸು ಮಾಲಕರಿಗೆ ಬೇಕಾದ ಒಂದು ಪ್ರೋಗ್ರಾಮು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು, ಅದಕ್ಕೆ ಯಾವ ಡ್ರೈವರು, ಯಾವ ಕಂಡಕ್ಟರು ಎಂದು ಅದು ಹೇಳಬೇಕು. ಇಂಥ ಪ್ರೋಗ್ರಾಮು ಒಂದೇ ಮುದ್ದೆಯಾಗಿ ಇರುವುದಿಲ್ಲ. ನೂರಾರು ಸಣ್ಣ ತುಂಡುಗಳು, ಒಂದು ತುಂಡಿಗೆ ಇನ್ನೊಂದರ ಆಸರೆ. ಎಲ್ಲಿಯಾದರೂ ಒಂದು ಸಾಲು ತಿದ್ದಿದರೆ ಎಲ್ಲ ತುಂಡುಗಳನ್ನೂ ಪುನಃ ಜೋಡಿಸಿ ಹೊಸ ಪ್ರೋಗ್ರಾಮು ಮಾಡಬೇಕು. ಅದಕ್ಕೆ ಬಿಲ್ಡ್ ಎನ್ನುತ್ತಾರೆ. ಶುರುವಿನಲ್ಲಿ ನಮ್ಮ ಬಿಲ್ಡ್ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಆದರೆ ಒಮ್ಮೆ ಲ್ಯಾನ್ಸಿ ಟಿಕೆಟ್ ದರದ ತುಂಡನ್ನು ತಿದ್ದಲು ಹೋಗಿ ಕಂಡಕ್ಟರುಗಳ ಹೆಸರೆಲ್ಲ ಮಾಯವಾದವು. ಆ ಎರಡಕ್ಕೂ ಒಳಗಿಂದೊಳಗೆ ಸಂಬಂಧವಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

"ನೋಡಿದಿರಾ? ಸಂಬಂಧ ಗೊತ್ತಿಲ್ಲದೆ ಕೈಹಾಕಿದರೆ ಹೀಗೆಯೇ ಆಗುವುದು" ಎಂದು ಉಮರ್ ಸರ್ ಅವತ್ತೇ ಒಂದು ರಿಪೋರ್ಟನ್ನು ಸೇರಿಸಿದರು. ಪ್ರತಿ ಸಲ ಬಿಲ್ಡ್ ಆದಾಗ, ಯಾವ ತುಂಡು ಯಾವುದನ್ನು ನೆಚ್ಚಿಕೊಂಡಿದೆ ಎಂದು ಅದು ಬರೆದಿಡಬೇಕು. ಯೋಚನೆ ಕೆಟ್ಟದ್ದಾಗಿರಲಿಲ್ಲ, ಒಪ್ಪುತ್ತೇನೆ. ಆದರೆ ಉಮರ್ ಸರ್ ನೇರ ಸಂಬಂಧಕ್ಕೆ ತೃಪ್ತರಾಗುವ ಜನವೇ? ನೆಚ್ಚಿಕೊಂಡವರು ಯಾರನ್ನು ನೆಚ್ಚಿಕೊಂಡಿದ್ದಾರೆ, ಅವರು ಮತ್ತೆ ಯಾರನ್ನು, ಹೀಗೆ ಬುಡದವರೆಗೆ ಹೋಗಬೇಕು. ಒಬ್ಬರಿಗೆ ಮೂರು ದಾರಿಯಿಂದ ನೆಂಟಸ್ತಿಕೆ ಇದ್ದರೆ ಮೂರು ದಾರಿಯನ್ನೂ ಬೇರೆ ಬೇರೆಯಾಗಿ, ಮೊದಲಿನಿಂದ ಕೊನೆಯವರೆಗೆ ಬರೆಯಬೇಕು. ಇವತ್ತಿನ ತಾರೀಖು ಹೇಳುವ ಒಂದು ಅಂಗೈಯಗಲದ ತುಂಡು ಇತ್ತು. ಎಲ್ಲರಿಗೂ ತಾರೀಖು ಬೇಕಲ್ಲ? ಆ ಬಡಪಾಯಿ ರಿಪೋರ್ಟಿನಲ್ಲಿ ಸಾವಿರಾರು ಕಡೆ ಹಾಜರಿರುತ್ತಿತ್ತು.

ಇನ್ನೊಂದಿತ್ತು. ಹಳೆಯದಾಗಿ, ಬೇಡವೆಂದು ನಾವು ತೆಗೆದುಹಾಕಿದ ತುಂಡುಗಳನ್ನೂ ಅವರು ರಿಪೋರ್ಟಿನಿಂದ ಬಿಡುತ್ತಿರಲಿಲ್ಲ. ಅವರ ಕಡೆಯ ಮದುವೆ ಕಾಗದಗಳಲ್ಲಿ ತೀರಿಕೊಂಡ ಹಿರಿಯರ ಹೆಸರಿಗೆ ಮೊದಲು 'ಮರ್ಹೂಂ' ಎಂದು ಹಾಕುವ ಕ್ರಮ ಇದೆ, ನಮ್ಮ ಕಡೆ 'ದಿವಂಗತ' ಎಂದು ಹಾಕುವ ಹಾಗೆ. ಉಮರ್ ಸರ್ ಸತ್ತ ತುಂಡುಗಳಿಗೂ ಅದೇ ಹಾಕಿಸಿದರು. ಮರ್ಹೂಂ ಹಳೆ ಪ್ರಿಂಟರು. ಮರ್ಹೂಂ ಒಂದನೇ ಟಿಕೆಟ್ಟು. "ಅಜ್ಜ ತೀರಿಕೊಂಡರು ಅಂತ ಅಜ್ಜನ ಪೈಕಿಯವರು ನಮ್ಮವರಲ್ಲ ಅಂತ ಆಗ್ತದಾ?" ಎನ್ನುತ್ತಿದ್ದರು.

ಹೀಗೆ ಬದುಕಿದ್ದವರೂ ಸತ್ತವರೂ ಸೇರಿ ರಿಪೋರ್ಟು ಉಬ್ಬಿತು. ಬಿಲ್ಡ್ ಒಂದು ಗಂಟೆ ದಾಟಿತು. ಒಂದು ಸಲ ಅದನ್ನು ಪ್ರಿಂಟ್ ತೆಗೆಯಲು ಹೋಗಿ ಉದ್ದ ಕಾಗದ ಮೆಟ್ಟಿಲವರೆಗೆ ಹೊರಳಿತು. ಹಾಳು ಮಾಡಬಾರದೆಂದು ಬೇಕರಿಗೆ ಕೊಟ್ಟೆವು. ಅಲ್ಲಿಂದ ಎಷ್ಟೋ ದಿನ ಬಿ.ಸಿ.ರೋಡಿನ ಜನ ನಮ್ಮ ರಿಪೋರ್ಟಿನಲ್ಲಿ ಕಟ್ಟಿದ ಬನ್ಸು ತಿಂದರು. ಬಿಲ್ಡ್ ಶುರು ಮಾಡಿ ನಾನು ಕೆಳಗಿಳಿದು ತರಕಾರಿ ತಂದು, ಬೀನ್ಸಿನ ನಾರು ತೆಗೆದು, ಅಮ್ಮನಿಗೆ ಫೋನು ಮಾಡಿ ಬಂದರೂ ಪರದೆಯ ಮೇಲೆ ಸಂಬಂಧಗಳು ಹರಿಯುತ್ತಲೇ ಇರುತ್ತಿದ್ದವು. ತಮಾಷೆಯೆಂದರೆ ಅಸಲು ಪ್ರೋಗ್ರಾಮು ಮೊದಲ ಕೆಲವು ನಿಮಿಷಗಳಲ್ಲೇ ತಯಾರಾಗಿರುತ್ತಿತ್ತು. ಉಳಿದ ಹೊತ್ತೆಲ್ಲ ರಿಪೋರ್ಟಿನದ್ದು. ಆದರೂ ರಿಪೋರ್ಟು ಮುಗಿಯದೆ ಪ್ರೋಗ್ರಾಮನ್ನು ಹೊರಗೆ ಕೊಡಲು ಉಮರ್ ಸರ್ ಬಿಡುತ್ತಿರಲಿಲ್ಲ.

"ಎಲ್ಲರಿಗೂ ಹೇಳಿ ಆಗದೆ ಮದುಮಗನನ್ನು ಹೊರಡಿಸ್ತಾರಾ?" ಎನ್ನುತ್ತಿದ್ದರು.

ಹೊರಡಬೇಕಾದ ಮದುಮಗನಿಗಾಗಿ ಕಾಯುತ್ತಿದ್ದವರು ಮೂಡುಬಿದಿರೆಯ ಪದ್ಮರಾಜಣ್ಣ. ಅವರಿಗೆ ಒಂದಷ್ಟು ಬಸ್ಸುಗಳಿದ್ದವು. ಅವರು ಪ್ರೋಗ್ರಾಮನ್ನು ಒಪ್ಪಿದರೆ ಉಳಿದ ಮಾಲಕರೂ ಬರುತ್ತಾರೆ, ಆಫೀಸು ಉಳಿಯುತ್ತದೆ. ಒಪ್ಪದಿದ್ದರೆ ಉಮರ್ ಸರ್ ಪುನಃ ಗಲ್ಫಿಗೆ ಹೋಗಲೇಬೇಕು. ಇದು ನಮಗೆಲ್ಲರಿಗೂ ಗೊತ್ತಿತ್ತು, ಏಕೆಂದರೆ ಉಮರ್ ಸರ್ ಅವರಿಗೆ ಗುಟ್ಟು ಇಟ್ಟುಕೊಳ್ಳುವ ಅಭ್ಯಾಸವೇ ಇರಲಿಲ್ಲ. ಹಳೆಯ ಕಂಪನಿ ಅವರನ್ನು ಕರೆಯುತ್ತಿತ್ತು. ಮಂಗಳೂರಿನ ವೀಸಾ ಏಜೆಂಟ್ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಇವರು "ಸ್ವಲ್ಪ ನಿಲ್ಲಿ, ನೋಡುವ" ಎಂದು ತಳ್ಳುತ್ತಿದ್ದರು.

ಅವರನ್ನು ಇಲ್ಲಿ ಹಿಡಿದಿಟ್ಟದ್ದು ಬಿ.ಸಿ.ರೋಡಿನ ಧೂಳೂ ಅಲ್ಲ, ಬನ್ಸೂ ಅಲ್ಲ, ಮಗಳು ಸಾಜಿದಾ. ಆಗ ಬಂಟ್ವಾಳದಲ್ಲಿ ಪಿ.ಯು.ಸಿ. ಓದುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಇವರು ಗಲ್ಫಿನಲ್ಲಿದ್ದಾಗ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಟ್ಟು ನಮ್ಮ ಹತ್ತಿರ ದೂರಿದರು:

"ಮನೆಯಲ್ಲಿ ನನಗೆ ಚಿನ್ನದ ಗೆರೆಯ ಕಪ್ಪಿನಲ್ಲಿ ಚಾ ಕೊಡ್ತಾರೆ ಮಾರಾಯ್ತಿ. ಅದು ನಾನೇ ತಂದ ಸೆಟ್ಟು. ನೆಂಟರಿಗೆ ಅಂತ ತಂದದ್ದು. ಸಾಜಿದಾ ಎದುರು ಮಾತಾಡುವುದೇ ಇಲ್ಲ. ಹೇಳಿದ್ದಕ್ಕೆಲ್ಲ 'ಆಯ್ತು ಬಾಪ, ಆಯ್ತು ಬಾಪ'. ಉಮ್ಮನ ಹತ್ತಿರವಾದರೆ ಬೆಳಿಗ್ಗೆ ಎದ್ದಲ್ಲಿಂದ ಜಗಳ. ನೆಂಟರ ಹತ್ತಿರ ಯಾರಾದರೂ ಜಗಳ ಮಾಡ್ತಾರಾ, ನೀವೇ ಹೇಳಿ."

"ಸರ್, ಬೇಕಾದರೆ ನಮ್ಮ ಮನೆಗೆ ಬನ್ನಿ. ಜಗಳ ಧರ್ಮಕ್ಕೆ ಸಿಗ್ತದೆ" ಎಂದ ಲ್ಯಾನ್ಸಿ.

ಉಮರ್ ಸರ್ ನಕ್ಕರು. ಆದರೆ ಅನ್ನವನ್ನು ಅರ್ಧಕ್ಕೇ ಬಿಟ್ಟು ಡಬ್ಬಿ ಮುಚ್ಚಿದರು. ನನಗೆ ಅವತ್ತು ಪಾಪ ಅನಿಸಿತು. ಬೈಸಿಕೊಳ್ಳಲು ಇಷ್ಟು ಆಸೆಪಡುವ ಅಪ್ಪನನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನ ಅಪ್ಪ ಟೇಪು ಕೊರಳಲ್ಲಿ ಹಾಕಿಕೊಂಡೇ ನನ್ನಿಂದ ಬೈಸಿಕೊಳ್ಳುತ್ತಿದ್ದರು.

ಪದ್ಮರಾಜಣ್ಣ ಬಂದದ್ದು ಅದೇ ವಾರ. ಎತ್ತರದ ಮನುಷ್ಯ, ಮಾತು ಮೆತ್ತಗೆ, ಆದರೆ ಒಂದೊಂದು ಮಾತೂ ಕಚ್ಚುವಂಥದ್ದು.

"ಉಮರ್ ಸಾಹೇಬ್ರೇ, ನಮ್ಮಲ್ಲಿ ಸಂಜೀವ ಅಂತ ಒಬ್ಬ ಡ್ರೈವರ್ ಇದ್ದಾನೆ. ನೀವು ನೋಡಲಿಕ್ಕೆ ಕೊಟ್ಟ ಪ್ರೋಗ್ರಾಮು ಅವನನ್ನು ಒಂದೇ ಹೊತ್ತಿಗೆ ಕಾರ್ಕಳದಲ್ಲೂ ಇಟ್ಟಿದೆ, ಬೆಳ್ತಂಗಡಿಯಲ್ಲೂ ಇಟ್ಟಿದೆ. ಅವ ಒಂದು ಕಡೆ ಇದ್ದರೇ ನಮಗೆ ತಲೆಬಿಸಿ."

ತಪ್ಪು ಸಣ್ಣದು. ನಾನು ಅವರ ಎದುರಿಗೇ ತಿದ್ದಿ ಬಿಲ್ಡ್ ಶುರು ಮಾಡಿದೆ. ಅವರು ಕೂತರು. ಚಹಾ ಬಂತು. ಉಮರ್ ಸರ್, ಪದ್ಮರಾಜಣ್ಣನ ಮೂಡುಬಿದಿರೆಯ ಮನೆಯಿಂದ ಶುರು ಮಾಡಿ ಅವರ ತಾಯಿಯ ತವರಿನವರೆಗೆ ಹೋದರು. ಪುನಃ ಚಹಾ ಬಂತು. ಪದ್ಮರಾಜಣ್ಣ ಗಡಿಯಾರ ನೋಡಿದರು.

"ಇದು ಇನ್ನೂ ಎಷ್ಟು ಹೊತ್ತು ಉಂಟು?"

"ಆಯ್ತು, ಸಂಬಂಧ ಬರೀತಾ ಉಂಟು" ಎಂದರು ಉಮರ್ ಸರ್.

"ಯಾರ ಸಂಬಂಧ? ನನ್ನದಾ?"

ಲ್ಯಾನ್ಸಿ ಮೇಜಿನ ಕೆಳಗೆ ಬಗ್ಗಿ ಏನೋ ಹುಡುಕಿದ. ಪದ್ಮರಾಜಣ್ಣ ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ಅವರದೇ ಬಸ್ಸೊಂದು ಬಂದು ನಿಂತಿತ್ತು. "ನಾನು ಇಲ್ಲಿ ಬರುವಾಗ ಈ ಬಸ್ಸು ಮೂಡುಬಿದಿರೆಗೆ ಹೊರಟಿತ್ತು. ಹೋಗಿ ತಿರುಗಿ ಬಂತು. ನಿಮ್ಮ ಕಂಪ್ಯೂಟರು ಇನ್ನೂ ಸ್ಟ್ಯಾಂಡು ಬಿಡಲಿಲ್ಲ ಮಾರಾಯ್ರೆ" ಎಂದರು. ಅವರ ಬಾಯಿಯಿಂದ ಆ ಮಾತು ಬಿದ್ದದ್ದೇ ತಡ, ಕರೆಂಟು ಹೋಯಿತು. ಬ್ಯಾಟರಿ ಸ್ವಲ್ಪ ಹೊತ್ತು ಪೀಂಗುಟ್ಟಿ, ಅದೂ ಹೋಯಿತು. ಅರ್ಧ ಬರೆದ ರಿಪೋರ್ಟು, ಬಿಲ್ಡು ಎಲ್ಲ ಕೆಟ್ಟು ಪುನಃ ಮೊದಲಿನಿಂದ ಶುರು ಮಾಡಬೇಕಾಯಿತು.

ಪದ್ಮರಾಜಣ್ಣ ಕೋಪ ಮಾಡಲಿಲ್ಲ. ಅದೇ ಹೆದರಿಕೆ. "ನಾಳೆ ಬೆಳಿಗ್ಗೆ ಮೂಡುಬಿದಿರೆಗೆ ತಂದುಕೊಡಿ. ನಾಳೆ ಆಗದಿದ್ದರೆ ಬೇಡ, ನಮ್ಮ ಹಳೆ ಪುಸ್ತಕವೇ ಸಾಕು" ಎಂದು ಹೇಳಿ ಮೆಟ್ಟಿಲಿಳಿದರು.

ಆಫೀಸಿನಲ್ಲಿ ಫ್ಯಾನೂ ಇಲ್ಲ. ನಾನೇ ಬಾಯಿ ಬಿಟ್ಟೆ. "ಸರ್, ಆ ರಿಪೋರ್ಟನ್ನು ಬಿಡುವ."

"ಹೇಗೆ ಬಿಡುವುದು? ಮದುವೆಗೆ ಒಬ್ಬರಿಗೆ ಹೇಳಲು ಬಿಟ್ಟುಹೋದರೆ ಏನಾಗ್ತದೆ ಗೊತ್ತುಂಟಾ ನಿನಗೆ? ನನ್ನ ಅಣ್ಣನ ಮದುವೆಯಲ್ಲಿ ಒಂದು ಮನೆ ಬಿಟ್ಟುಹೋಗಿ, ಅವರು ಇವತ್ತಿಗೂ ನಮ್ಮ ಗೇಟಿನ ಎದುರು ಮುಖ ತಿರುಗಿಸಿ ಹೋಗ್ತಾರೆ."

"ಪೂರ್ತಿ ಬಿಡುವುದು ಬೇಡ ಸರ್. ನೀವು ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ಸಿದ್ಧಕಟ್ಟೆಯ ದೂಮಜ್ಜನನ್ನು ಹೇಗೆ ಕಂಡುಹಿಡಿದಿರಿ? ನನ್ನ ನೆಂಟರ ಹೆಸರೆಲ್ಲ ಬರೆದಿಟ್ಟುಕೊಂಡು ಕೂತಿದ್ದಿರಾ? ಅಮ್ಮನ ಮನೆ ಯಾವುದು ಅಂತ ಕೇಳಿದಿರಿ. ಅಲ್ಲಿಂದ ದಾರಿ ಸಿಕ್ಕಿತು. ಇಲ್ಲಿಯೂ ಹಾಗೆಯೇ ಮಾಡುವ. ಒಂದೊಂದು ತುಂಡು ತನ್ನ ಹತ್ತಿರದವರ ಹೆಸರು ಮಾತ್ರ ಹೇಳಲಿ, ಒಂದು ಸಲ. ದೂರದವರು ಬೇಕಾದಾಗ ಕೇಳಿಕೊಂಡು ಹೋದರಾಯಿತು."

ಉಮರ್ ಸರ್ ಕಿಸೆಯಿಂದ ಒಂದು ಪೆನ್ನು ತೆಗೆದು ನೋಡಿದರು. ಅದು ನನ್ನದೇ ಪೆನ್ನು.

"ಮತ್ತೆ ಮರ್ಹೂಂ ಆದವರು?" ಎಂದರು.

"ಅವರನ್ನು ತೆಗೆಯಲೇಬೇಕು ಸರ್."

"ಕರೆಂಟು ಬಂದ ಮೇಲೆ ನೀನೇ ತೆಗಿ. ನನ್ನ ಕೈಯಲ್ಲಿ ಆಗುವುದಿಲ್ಲ" ಎಂದು ಎದ್ದು ಸಂಜೆಯ ನಮಾಝಿಗೆ ಹೊರಟರು. ಬಾಗಿಲ ಹತ್ತಿರ ತಿರುಗಿ, "ಆ ಹಳೆ ಪ್ರಿಂಟರಿನದ್ದು ಮಾತ್ರ ಕೊನೆಗೆ ತೆಗಿ. ಅದು ನಾನೇ ಬರೆದದ್ದು" ಎಂದು ಸೇರಿಸಿದರು.

ಅವರು ಬರುವಾಗ ಕರೆಂಟು ಬಂದು ಕೆಲಸ ಮುಗಿದಿತ್ತು. ಅವರ ಎದುರು ಇನ್ನೊಮ್ಮೆ ಬಿಲ್ಡ್ ಮಾಡಿ ತೋರಿಸಿದೆವು. ಲ್ಯಾನ್ಸಿ ಒಂದು ಬನ್ಸು ತಿಂದು ಕೈ ಒರೆಸುವಷ್ಟರಲ್ಲಿ ಮುಗಿಯಿತು. ಉಮರ್ ಸರ್ ನಂಬಲಿಲ್ಲ. "ಎಲ್ಲಿಯೋ ತಪ್ಪಿದೆ, ಇನ್ನೊಮ್ಮೆ ಮಾಡು" ಎಂದರು. ಮಾಡಿದೆ. ಲ್ಯಾನ್ಸಿ ಇನ್ನೊಂದು ಬನ್ಸಿಗೆ ಕೈ ಹಾಕಿದ. "ಇಷ್ಟು ದಿನ ನಾವು ಇಲ್ಲಿ ಎಂತ ಮಾಡ್ತಿದ್ದೆವು ಹಾಗಾದರೆ?" ಎಂದು ಉಮರ್ ಸರ್ ನಮ್ಮನ್ನೇ ಜೋರು ಮಾಡಿದರು. ಅಷ್ಟು ದಿನ ಬೀನ್ಸಿನ ನಾರು ತೆಗೆಯುತ್ತಿದ್ದೆ ಎಂದು ನಾನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಸಿ.ಡಿ. ಹಿಡಿದುಕೊಂಡು ಅವರೂ ನಾನೂ ಮೂಡುಬಿದಿರೆಯ ಬಸ್ಸು ಹತ್ತಿದೆವು. ಬಂಟ್ವಾಳ ಪೇಟೆ ದಾಟುವುದರೊಳಗೆ ಅವರು ಕಂಡಕ್ಟರನ ಅಜ್ಜಿಯ ಊರನ್ನು ತಿಳಿದುಕೊಂಡಾಗಿತ್ತು. ಅವನು ಟಿಕೆಟು ಹರಿದು ಪಾರಾಗಿ ಹಿಂದೆ ಹೋದ. ನಾನು ನಗುತ್ತಾ, "ಸರ್, ನಿಮಗೆ ಈ ಅಭ್ಯಾಸ ಹುಟ್ಟಿನಿಂದಲೇ ಉಂಟಾ?" ಎಂದು ಕೇಳಿದೆ.

"ಇಲ್ಲ" ಎಂದರು. ಹೊರಗೆ ನೋಡುತ್ತಾ ಹೇಳತೊಡಗಿದರು. "ಗಲ್ಫಿನಲ್ಲಿದ್ದಾಗ ಎರಡು ವರ್ಷಕ್ಕೊಮ್ಮೆ ರಜೆ. ಒಂದು ಸಲ ನಾನು ಬಂದ ದಿನ ಮನೆಯಲ್ಲಿ ಯಾರದೋ ಮದುವೆಯ ಮಾತುಕತೆ. ಅಂಗಳ ತುಂಬ ಮಕ್ಕಳು. ಗೇಟಿನ ಹತ್ತಿರ ಒಂದು ಹುಡುಗಿ ನಿಂತಿತ್ತು, ಎರಡು ಜಡೆ ಹಾಕಿಕೊಂಡು. ಚಂದ ಇತ್ತು. ಚಾಕಲೇಟು ಕೊಟ್ಟು ಕೇಳಿದೆ, ನೀನು ಯಾರ ಮಗಳು ಮಗಾ ಅಂತ."

ಬಸ್ಸು ಸಿದ್ಧಕಟ್ಟೆಯಲ್ಲಿ ನಿಂತಿತು. ಜನ ಇಳಿದರು, ಹತ್ತಿದರು.

"ಅದು ಹೇಳಿತು, ಉಮರಬ್ಬನವರ ಮಗಳು ಅಂತ."

ಬಸ್ಸು ಹೊರಟ ಮೇಲೆ ಅವರು, "ಅಲ್ಲಿಂದ ಮೇಲೆ ಯಾರು ಸಿಕ್ಕಿದರೂ ಮೊದಲು ಕೇಳಿ ತಿಳ್ಕೊಳ್ತೇನೆ. ಇನ್ನೊಮ್ಮೆ ಹಾಗೆ ಆಗಬಾರದು ನೋಡು" ಎಂದರು. ನಾನು ಅಷ್ಟು ತಿಂಗಳು ಆ ಪ್ರಶ್ನೆಯನ್ನು ಅಣಕಿಸಿ ಲ್ಯಾನ್ಸಿಯನ್ನು ನಗಿಸಿದ್ದೆ. ಆಮೇಲೆ ಅಣಕಿಸುವುದಕ್ಕೆ ಮನಸ್ಸು ಬರಲಿಲ್ಲ.

ಮೂಡುಬಿದಿರೆಯಲ್ಲಿ ಪ್ರೋಗ್ರಾಮು ನೆಟ್ಟಗೆ ಓಡಿತು. ಡ್ರೈವರ್ ಸಂಜೀವ ಒಂದೇ ಕಡೆ ಬಂದು ನಿಂತ. ಪದ್ಮರಾಜಣ್ಣ ಬೇಕೆಂದೇ ಇನ್ನೊಂದು ಬದಲಾವಣೆ ಹೇಳಿದರು. ನಾನು ಬಿ.ಸಿ.ರೋಡಿಗೆ ಫೋನು ಮಾಡಿದೆ. ಲ್ಯಾನ್ಸಿ ಅಲ್ಲಿ ತಿದ್ದಿ ಬಿಲ್ಡ್ ಮಾಡಿ ಮುಂದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸಿ.ಡಿ. ಕೊಟ್ಟು ಕಳುಹಿಸಿದ. ಪದ್ಮರಾಜಣ್ಣ ಸಿ.ಡಿ.ಯನ್ನು ತಿರುಗಿಸಿ ನೋಡಿ, "ಇವತ್ತು ನಿಮ್ಮ ಕಂಪ್ಯೂಟರಿಗೆ ನೆಂಟರು ಕಡಿಮೆಯಾದ ಹಾಗೆ ಕಾಣ್ತದೆ" ಎಂದರು. ತಮ್ಮ ಬಸ್ಸುಗಳಿಗೆ ಒಪ್ಪಿದರು. ಉಳಿದ ಮಾಲಕರು ಮಾತ್ರ "ನೋಡುವ" ಎಂದರು. ನಮ್ಮ ಕಡೆ "ನೋಡುವ" ಎಂದರೆ ಅರ್ಥ ಗೊತ್ತಲ್ಲ, ನೋಡುವುದಿಲ್ಲ ಎಂದು.

ಆದ್ದರಿಂದ ಆಫೀಸು ಮುಳುಗಲೂ ಇಲ್ಲ, ತೇಲಲೂ ಇಲ್ಲ. ಏಜೆಂಟನ ಫೋನು ನಿಲ್ಲಲಿಲ್ಲ. ಕೊನೆಗೆ ಒಂದು ದಿನ ಉಮರ್ ಸರ್ ನಮ್ಮನ್ನೆಲ್ಲ ಕೂರಿಸಿ, "ಎರಡೇ ವರ್ಷ ಹೋಗಿ ಬರ್ತೇನೆ. ನೀವು ಆಫೀಸು ನೋಡಿಕೊಳ್ಳಿ. ಶುಕ್ರವಾರ ಏಜೆಂಟಿಗೆ ಗಟ್ಟಿ ಹೇಳಬೇಕು" ಎಂದರು. "ಮನೆಯಲ್ಲಿ ಏನು ಹೇಳಿದರು?" ಎಂದು ಕೇಳಿದೆ. "ಸಾಜಿದಾ 'ಆಯ್ತು ಬಾಪ' ಅಂತ ಹೇಳಿತು" ಎಂದರು. ಆ ಮಾತು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

ಹೋಗುವ ಮೊದಲು ಮಗಳ ಕಾಲೇಜಿನಲ್ಲಿ ಒಂದು ಅರ್ಜಿಗೆ ಸಹಿ ಹಾಕುವುದಿತ್ತು. ಶುಕ್ರವಾರ ಬೆಳಿಗ್ಗೆ ಹೋಗಿ ಬಂದರು. ಬಂದವರು ಖುಷಿಯಲ್ಲೇ ಇದ್ದರು. "ಅವಳ ಕೆಮಿಸ್ಟ್ರಿ ಲೆಕ್ಚರರು ನಮ್ಮ ಪೈಕಿಯೇ ಮಾರಾಯ್ತಿ! ಅಷ್ಟೇ ಅಲ್ಲ, ಕ್ಲಾಸಿ‌ನಲ್ಲಿ ಒಬ್ಬ ಹುಡುಗ ಇದ್ದ. ಕೇಳ್ತಾ ಹೋದರೆ ಅವ ಸಾಜಿದಾಗೆ ಅಣ್ಣ ಆಗಬೇಕು. ಎಲ್ಲರ ಎದುರೇ ಹೇಳಿ ಬಂದೆ, ನೋಡು ಮಗಾ, ಇದು ನಿನ್ನ ತಂಗಿ ಅಂತ."

ನಾನೂ ಲ್ಯಾನ್ಸಿಯೂ ಮುಖ ಮುಖ ನೋಡಿಕೊಂಡೆವು. ಗಂಡಸರಿಗೆ, ಅದರಲ್ಲೂ ಅಪ್ಪಂದಿರಿಗೆ, ತಾವು ಮಾಡಿದ ಅನಾಹುತ ತಿಳಿಯುವುದು ಯಾವಾಗಲೂ ತಡವಾಗಿಯೇ.

ಮಧ್ಯಾಹ್ನ ದಾಟಿತ್ತು. ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಬಾಗಿಲು ಗೋಡೆಗೆ ಬಡಿಯಿತು. ಸಾಜಿದಾ. ತಲೆಯ ಮೇಲಿನ ಶಾಲು ಜಾರಿದೆ, ಬ್ಯಾಗು ಒಂದೇ ಹೆಗಲಲ್ಲಿ, ಮುಖ ಕೆಂಪಗಾಗಿದೆ. ಅವಳು ಬ್ಯಾರಿ ಭಾಷೆಯಲ್ಲಿ ಬೈಯಲು ಶುರು ಮಾಡಿದಳು. ನನಗೆ ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧಕ್ಕೆ ಭಾಷೆ ಬೇಕಾಗಿರಲಿಲ್ಲ. ಇಡೀ ಕ್ಲಾಸು ನಗುತ್ತಿದೆ. ಆ ಹುಡುಗನನ್ನು ಕಂಡರೆ ಎಲ್ಲರೂ "ಅಣ್ಣ ಬಂದ, ಅಣ್ಣ ಬಂದ" ಎನ್ನುತ್ತಿದ್ದಾರೆ. ಲೆಕ್ಚರರು ಪಾಠದ ನಡುವೆ "ನಿಮ್ಮ ಬಾಪ ಚೆನ್ನಾಗಿದ್ದಾರಾ" ಎಂದು ಕೇಳಿದ್ದಾರೆ. ಮಾನ ಮರ್ಯಾದೆ ಎಂಬುದು ಈ ಮನುಷ್ಯನಿಗೆ ಇದೆಯೇ ಇಲ್ಲವೇ?

ಉಮರ್ ಸರ್ ಎದ್ದು ನಿಂತಿದ್ದರು. ಕೈ ಕಟ್ಟಿಕೊಂಡಿದ್ದರು. ಮೊದಲು ಗಾಬರಿಯಾದ ಹಾಗೆ ಕಂಡರು. ಆಮೇಲೆ ನಿಧಾನವಾಗಿ ಅವರ ಮುಖ ಅರಳಿತು.

"ನಗ್ತೀರಾ? ನಗ್ತೀರಾ ಬೇರೆ?" ಸಾಜಿದಾ ಈಗ ಕನ್ನಡಕ್ಕೆ ಇಳಿದು ನನ್ನ ಕಡೆ ತಿರುಗಿದಳು. "ಅಕ್ಕ, ನೀವಾದರೂ ಇವರಿಗೆ ಹೇಳಿ! ಇನ್ನೊಮ್ಮೆ ಕಾಲೇಜಿಗೆ ಬಂದರೆ ನಾನು ಇವರ ಹತ್ತಿರ ಮಾತೇ ಆಡುವುದಿಲ್ಲ!"

ಬಂದ ಹಾಗೆಯೇ ದಡದಡ ಇಳಿದು ಹೋದಳು. ಉಮರ್ ಸರ್ ಕಿಟಕಿಯಿಂದ ಅವಳು ಬಸ್ಸು ಹತ್ತುವವರೆಗೂ ನೋಡಿದರು. ತಿರುಗಿ ಬಂದು ಕೂತರು. ಕೂತ ಸ್ವಲ್ಪ ಹೊತ್ತಿಗೆ ಫೋನು ಬಂತು. ಏಜೆಂಟ್.

"ಇಲ್ಲ, ಆಗುವುದಿಲ್ಲ" ಎಂದರು ಉಮರ್ ಸರ್. "ಇಲ್ಲ ಮಾರಾಯ, ಬರ್ಲಿಕ್ಕೆ ಆಗುವುದಿಲ್ಲ. ಮನೆಯಲ್ಲಿ ಜಗಳ ಉಂಟು... ಹೌದು, ಮಗಳ ಹತ್ತಿರ... ಸಣ್ಣದಲ್ಲ, ದೊಡ್ಡ ಜಗಳ. ಇದನ್ನು ಬಿಟ್ಟು ಹೇಗೆ ಬರುವುದು?"

ಪಾಪ, ಆ ಏಜೆಂಟ್ ಆಚೆಯಿಂದ ಸಮಾಧಾನ ಹೇಳಿರಬೇಕು. ಇವರು "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತಾ ಫೋನು ಇಟ್ಟು ಎಲ್ಲರಿಗೂ ಬನ್ಸು ತರಿಸಿದರು.

ಆಫೀಸು ಮತ್ತೆ ಕೆಲವು ವರ್ಷ ನಡೆಯಿತು. ಶ್ರೀಮಂತರಾಗುವ ಹಾಗೆ ಅಲ್ಲ, ಸಂಬಳ ತಡವಾಗಿಯಾದರೂ ಬರುವ ಹಾಗೆ. ನಾನು ಮದುವೆಯಾಗಿ ಮೂಡುಬಿದಿರೆಗೆ ಹೋದೆ. ನನ್ನ ಮದುವೆಗೆ ಬಂದ ಉಮರ್ ಸರ್ ಊಟ ಮುಗಿಯುವುದರೊಳಗೆ ನನ್ನ ಗಂಡನ ಕಡೆಯವರಿಗೂ ನನ್ನ ಕಡೆಯವರಿಗೂ ಮೊದಲೇ ಇದ್ದ ಒಂದು ನೆಂಟಸ್ತಿಕೆಯನ್ನು ಕಂಡುಹಿಡಿದರು. ಅದು ಹಳೆಯ ಆಸ್ತಿ ಜಗಳದ ನೆಂಟಸ್ತಿಕೆ. ನನ್ನ ಅತ್ತೆಗೆ ಅದು ಇವತ್ತಿಗೂ ನೆನಪಿದೆ.

ಒಂದು ಬೆಳಿಗ್ಗೆ ಲ್ಯಾನ್ಸಿ ಫೋನು ಮಾಡಿದ. ಯಾವಾಗಿನ ಹಾಗೆ ತಮಾಷೆ ಮಾಡಲಿಲ್ಲ. ಉಮರ್ ಸರ್ ನಿದ್ದೆಯಲ್ಲೇ ಹೋಗಿದ್ದರು. ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು, ಹೃದಯವೂ ಸೋತಿತ್ತು. ನಾವಿಬ್ಬರೂ ಫರಂಗಿಪೇಟೆಗೆ ತಲುಪುವಾಗ ಅವರ ಮಯ್ಯತನ್ನು ಹೊತ್ತು ಮಸೀದಿಗೆ ಕೊಂಡುಹೋಗಿಯಾಗಿತ್ತು. ಅಂಗಳದಲ್ಲಿ ಖಾಲಿ ಕುರ್ಚಿಗಳಿದ್ದವು. ಲ್ಯಾನ್ಸಿ ಗಂಡಸರ ಜೊತೆ ನಿಂತ. ನಾನು ಒಳಗೆ ಹೋದೆ.

ಸಾಜಿದಾ ಗೋಡೆಗೆ ಒರಗಿ ಕೂತಿದ್ದಳು. ಅವಳಿಗೂ ಮದುವೆಯಾಗಿ ಮಡಿಲಲ್ಲಿ ಮಗುವಿತ್ತು. ನನ್ನನ್ನು ಕಂಡು ಕೈ ಹಿಡಿದುಕೊಂಡಳು.

"ನಿನ್ನೆ ಕೂಡ ಜಗಳ ಮಾಡಿದೆ ಅಕ್ಕ" ಎಂದಳು. "ಕದ್ದು ಸಕ್ಕರೆ ಹಾಕಿ ಚಾ ಕುಡಿದಿದ್ದರು. ಬಾಯಿಗೆ ಬಂದ ಹಾಗೆ ಬೈದೆ. ಯಾವಾಗಲೂ ನಾನು ಅವರ ಹತ್ತಿರ ಬರೀ ಜಗಳ. ಬೇರೆ ಮಕ್ಕಳು ಹೀಗೆ ಮಾಡುವುದಿಲ್ಲ. ಕೊನೆಗೆ ಒಂದು ಒಳ್ಳೆ ಮಾತಾದರೂ ಆಡಬೇಕಿತ್ತು."

ನಾನು ಅವಳ ಪಕ್ಕ ಕೂತು ಆ ಶುಕ್ರವಾರದ ಸಂಗತಿ ಹೇಳಿದೆ. ಅವಳು ಬೈದು ಹೋದ ಮೇಲೆ ಏಜೆಂಟನ ಫೋನು ಬಂದದ್ದು, ಉಮರ್ ಸರ್ ಅವನಿಗೆ ಏನು ಹೇಳಿದರು ಎಂಬುದು, ಬನ್ಸು ತರಿಸಿದ್ದು. ಅವರು ಗಲ್ಫಿಗೆ ಹೋಗದೆ ಉಳಿದದ್ದು ಅವಳು ಬೈದದ್ದಕ್ಕೇ ಎಂದೆ.

ಅವಳು ಅಳುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ವೀಸಾ ಕ್ಯಾನ್ಸಲ್ ಆಯಿತು ಅಂತ ಹೇಳಿದ್ದರು ನಮಗೆ" ಎಂದಳು. "ಕಂಪನಿಯವರು ಬೇಡ ಅಂತ ಹೇಳಿದರು ಅಂತ. ಪಾಪ, ಅವರಿಗೆ ಬೇಜಾರಾಗಿದೆ ಅಂತ ಉಮ್ಮ ನನ್ನನ್ನು ಅವತ್ತು ಜೋರು ಮಾಡಿ ಸುಮ್ಮನಾಗಿಸಿದ್ದರು."

ನಾನು ಇಲ್ಲವೆಂದು ತಲೆಯಾಡಿಸಿದೆ.

"ಸುಳ್ಳು ಹೇಳಿದ್ದಾ?" ಎಂದಳು. ಕಣ್ಣೀರು ಮತ್ತೆ ಇಳಿಯತೊಡಗಿತು, ಆದರೆ ದನಿ ಏರಿತು. "ಇಷ್ಟು ವರ್ಷ ಸುಳ್ಳು ಹೇಳಿದ್ದಾ ಈ ಮನುಷ್ಯ! ನೋಡಿ ಅಕ್ಕ, ಎಂಥವರು ನೋಡಿ!"

ಒಳಗಿದ್ದ ಹೆಂಗಸರು ತಿರುಗಿ ನೋಡಿದರು. ಯಾರೋ ಅವಳ ಬೆನ್ನು ಸವರಿದರು. ಸಾಜಿದಾ ಮಗುವನ್ನು ಅಪ್ಪಿಕೊಂಡು, ಅಳುತ್ತಲೇ, ಬ್ಯಾರಿ ಭಾಷೆಯಲ್ಲಿ ತನ್ನ ಬಾಪನನ್ನು ಬೈಯುತ್ತಿದ್ದಳು.